ಹತ್ತಿಯ ನಾಡಿನಲ್ಲಿ ಬಟ್ಟೆ ಚೀಲಕ್ಕೆ ಬರವೆ?

ರಾಯಚೂರು ಎಂದಕೂಡಲೆ ನಿಮ್ಮಲ್ಲಿ ಹಲವರಿಗೆ ಬಿಸಿಲೇ ನೆನಪಾಗುತ್ತದೆ. ಸುಳ್ಳಲ್ಲ, ಏಪ್ರಿಲ್, ಮೇ ತಿಂಗಳಲ್ಲಂತೂ ಈ ಕಡೆ ಬರಲೇಬೇಡಿ. ದೀಪಾವಳಿ ಕಳೆದ ಮೇಲೆ ಬನ್ನಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಎರೆಭೂಮಿಯಲ್ಲಿ ಆಗ ಹತ್ತಿ ಬಿಡಿಸುವ ಕಾಲ. ರಾಜೇಂದ್ರ ಗಂಜಿನ ಕಡೆಗೆ ಹೊರಟ ಗಾಡಿಗಳಿಂದ ಅರಳೆ ಹಾರಿ ರಸ್ತೆ ಬದಿಯ ಜಾಲಿಮುಳ್ಳಿಗೆ ಸಿಕ್ಕಿಕೊಂಡಿರುತ್ತದೆ. ಅದೇ ಮುಳ್ಳಿಗೆ ತೆಳ್ಳನೆಯ ಬಿಳಿ ಕವರುಗಳೂ ಸಿಕ್ಕಿಕೊಂಡಿರುತ್ತವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿ ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಥಟ್ಟನೆ ತಿಳಿಯುವುದಿಲ್ಲ.

ಊರಿಗೆ ಬಂದವರು ಮೊದಲು ಕೋಟೆ ನೋಡಿ. 1294ರ ಶಾಸನವಿರುವ ಕಲ್ಲೊಂದು ಅದರ ಗೋಡೆಯಲ್ಲಿದೆ. ಉದ್ದ ಒಂದಲ್ಲ ಎರಡಲ್ಲ, 41 ಅಡಿಗೂ ಮೇಲೆ! ಅಂಥ ಬಂಡೆಯನ್ನು ಗಾಡಿಗೆ ಹೇರಿ, ಸಾಲುಸಾಲು ದನಗಳನ್ನು ಹೂಡಿ ಎಳೆತಂದ ಚಿತ್ರವನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಮಕ್ಕಳಿಗೆ ತಪ್ಪದೆ ತೋರಿಸಿ. ಅಲ್ಲಿಂದ ತೀನ್ ಕಂದಿಲ್ ಕಡೆ ನಡೆದರೆ ಪೇಟೆ. ಮೆಂತ್ಯ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಎಲ್ಲ ಒಂದೊಂದು ಕವರಿನಲ್ಲಿ ಬೇರೆ ಬೇರೆಯಾಗಿ ನಿಮ್ಮ ಕೈಗೆ ಬರುತ್ತವೆ. ‘ಯಾಕವ್ವ ಇಷ್ಟೊಂದು?’ ಎಂದರೆ, ‘ಕವರ್ ಕೊಡಲಿಲ್ಲಂದ್ರ ಗಿರಾಕಿ ಮುಂದಿನ ಅಂಗಡಿಗೆ ಹೋಗ್ತಾರ್ರೀ ಅಕ್ಕಾರ’ ಎನ್ನುತ್ತಾರೆ. ಆ ಮಾತನ್ನು ತೆಗೆದುಹಾಕುವಂತಿಲ್ಲ. ಗಿರಾಕಿ ಎಂದರೆ ನಾವೇ ತಾನೆ?

ಕಾನೂನು ಇಲ್ಲವೇನೋ ಅಂತೀರಾ? ಇದೆ. 2016ರ ಮಾರ್ಚ್ 11ರಂದೇ ಕರ್ನಾಟಕ ಸರ್ಕಾರ ಅಧಿಸೂಚನೆ ಹೊರಡಿಸಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರು, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲವನ್ನೂ ನಿಷೇಧಿಸಿತು. ಕೈಚೀಲ ದಪ್ಪಗಿದ್ದರೂ ಅಷ್ಟೆ, ತೆಳ್ಳಗಿದ್ದರೂ ಅಷ್ಟೆ. ಹಾಲಿನ ಪಾಕೀಟು, ನರ್ಸರಿಯ ಸಸಿಚೀಲ ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. ಆಮೇಲೆ ಕೇಂದ್ರ ಸರ್ಕಾರವೂ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ಸ್ಟ್ರಾ, ಮಿಠಾಯಿ ಡಬ್ಬಿಗೆ ಸುತ್ತುವ ತೆಳು ಹಾಳೆಗಳನ್ನು ಇಡೀ ದೇಶದಲ್ಲಿ ನಿಲ್ಲಿಸಿತು. ಈ ಕಾನೂನುಗಳ ಹಿಂದೆ ದೊಡ್ಡ ಹೋರಾಟವೂ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಇಂಜಿನಿಯರ್ ಹೆಣ್ಣುಮಗಳು ಊರುಗಳ ಕಸದ ಅವ್ಯವಸ್ಥೆ ನೋಡಲಾರದೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2000ದಲ್ಲಿ ದೇಶಕ್ಕೆ ಮೊದಲ ಬಾರಿಗೆ ಪಟ್ಟಣಗಳ ಘನತ್ಯಾಜ್ಯ ನಿಯಮಗಳು ಬಂದದ್ದು ಆ ಮೊಕದ್ದಮೆಯಿಂದ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಇವತ್ತು ಗಾಡಿಯವರು ಕೂಗುತ್ತಾರಲ್ಲ, ಅದರ ಬೇರು ಅಲ್ಲಿದೆ.

ಇನ್ನು ದೇವದುರ್ಗಕ್ಕೆ ಹೊರಡೋಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳದೇ ದರ್ಬಾರು. ಕಲ್ಮಲಾ ದಾಟಿ ಗಬ್ಬೂರು ಬಂತೆಂದರೆ ಹಳೆಯ ಗುಡಿಗಳು, ಶಾಸನಗಳು. ಪುರಸೊತ್ತಿದ್ದರೆ ಇಳಿದು ನೋಡಿ. ದಾರಿಯುದ್ದಕ್ಕೂ ಹೊಲಗಳಲ್ಲಿ ಹತ್ತಿ ಬಿಡಿಸುವವರೆಲ್ಲ ಹೆಚ್ಚಾಗಿ ಹೆಂಗಸರೇ. ಸೊಂಟಕ್ಕೆ ಉಡಿ ಕಟ್ಟಿರುತ್ತಾರೆ. ಕೆಲವರು ಗೊಬ್ಬರದ ಖಾಲಿ ಚೀಲವನ್ನೇ ಕಟ್ಟಿಕೊಂಡಿರುತ್ತಾರೆ. ಇಲ್ಲೊಂದು ವಿಷಯ ನಿಮಗೆ ಹೇಳಲೇಬೇಕು. ಗೊಬ್ಬರದ ಚೀಲ ಪ್ಲಾಸ್ಟಿಕ್ ದಾರದಿಂದ ನೇಯ್ದದ್ದು. ಅದರ ಎಳೆ ಬಿಚ್ಚಿ ಅರಳೆಯಲ್ಲಿ ಸೇರಿತೆಂದರೆ ಗಿರಣಿಯಲ್ಲಿ ಆರಿಸುವುದು ಬಹಳ ಕಷ್ಟ. ನೂಲಿನಲ್ಲಿ ಹೊಸೆದುಕೊಂಡು ಬಟ್ಟೆಯವರೆಗೂ ಹೋಗುತ್ತದೆ. ಬಣ್ಣಕ್ಕೆ ಹಾಕಿದಾಗ ಹತ್ತಿ ಬಣ್ಣ ಹಿಡಿಯುತ್ತದೆ, ಆ ಎಳೆ ಹಿಡಿಯುವುದಿಲ್ಲ. ಹೊಸ ಸೀರೆಯ ಮೈಮೇಲೆ ಬೆಳ್ಳನೆಯ ಗೀರು! ಭಾರತದ ಹತ್ತಿಗೆ ಹೊರದೇಶಗಳಲ್ಲಿ ಕೆಟ್ಟ ಹೆಸರು ಬರಲು ಇಂಥ ಕಲಬೆರಕೆಯೂ ಒಂದು ಕಾರಣ. 2000ದಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಹತ್ತಿ ತಂತ್ರಜ್ಞಾನ ಮಿಷನ್ನಿನ ಉದ್ದೇಶಗಳಲ್ಲಿ ಇದನ್ನು ಕಡಿಮೆ ಮಾಡುವುದೂ ಸೇರಿತ್ತು. ಕೆಟ್ಟ ಹತ್ತಿಗೆ ದರ ಬೀಳುತ್ತದೆ, ನಷ್ಟ ಮತ್ತೆ ಅದೇ ಹೊಲದ ಮನೆಗೆ. ಪರಿಹಾರವೋ, ಒಂದು ಹಳೆಯ ನೂಲಿನ ಸೀರೆಯ ಉಡಿ!

ದೇವದುರ್ಗದ ಗುಡ್ಡ ದೂರದಿಂದಲೇ ಕಾಣುತ್ತದೆ. ಊರೊಳಗೆ ಬಂದರೆ, ನಮ್ಮೆಲ್ಲರ ಊರುಗಳಂತೆ ಇಲ್ಲೂ ದನಗಳು ಕಸದ ಗುಂಡಿಯ ಹತ್ತಿರ. ಹಿಂದೆ ಮನೆಮನೆಯ ಹಿತ್ತಲಲ್ಲಿ ಮುಸುರೆ ಬಾನಿ ಇರುತ್ತಿತ್ತು. ಈಗ ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಕವರಿಗೆ ಹಾಕಿ, ಮೇಲೊಂದು ಗಂಟು ಬಿಗಿದು ಎಸೆಯುವುದು ಅಭ್ಯಾಸವಾಗಿದೆ. ಗಂಟು ಬಿಚ್ಚಲು ಹಸುವಿಗೆ ಕೈಯೆಲ್ಲಿದೆ? ಕವರು ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಹೋಗುವುದಿಲ್ಲ, ಹೊಟ್ಟೆಯಲ್ಲೇ ಒಂದಕ್ಕೊಂದು ಸುತ್ತಿಕೊಂಡು ಕಲ್ಲಿನಂತಾಗುತ್ತದೆ. ಪುಟ್ಟಪರ್ತಿಯ ಕರುಣಾ ಸೊಸೈಟಿ ಎಂಬ ಸಂಸ್ಥೆ ಬೀದಿದನಗಳ ಹೊಟ್ಟೆ ಕೊಯ್ಸಿ ನೋಡಿದಾಗ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರಬಂತು. 2012ರಲ್ಲಿ ಅವರು ಇದನ್ನೇ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಶುಕ್ರವಾರ ಗೋವಿಗೆ ಅರಿಶಿನ ಕುಂಕುಮ ಹಚ್ಚುವ ಕೈಯೇ ಶನಿವಾರ ಆ ಗಂಟು ಹಾಕುತ್ತದೆ ಎಂದರೆ ಕೋಪ ಮಾಡಿಕೊಳ್ಳಬೇಡಿ.

ಸಿರವಾರ ಹಾದು ಮಾನ್ವಿಗೆ ಬಂದರೆ ನೆಲದ ಬಣ್ಣವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರ ಊರಿದು. ಕಾಲುವೆಯ ಕೊನೆಯಂಚಿನ ರೈತರಿಗೆ ನೀರು ಮುಟ್ಟುವುದಿಲ್ಲವೆಂಬ ಗೋಳು ಇಲ್ಲಿ ಹಳೆಯದು. ಅದಕ್ಕೆ ಕಾರಣಗಳು ಬೇಕಾದಷ್ಟಿವೆ. ಆದರೆ ಹೊಲಗಾಲುವೆಯ ತೂಬಿಗೆ ಲೋಟ, ಕವರು, ಗುಟ್ಕಾ ಚೀಟಿ ಅಡರಿ ನಿಂತರೆ ಇರುವ ನೀರೂ ನಿಲ್ಲುತ್ತದೆ. ಬಾಂಗ್ಲಾದೇಶದಲ್ಲಿ ಪ್ರವಾಹದ ನೀರು ಇಳಿಯದಂತೆ ಚರಂಡಿಗಳಿಗೆ ಕವರು ಕಟ್ಟಿಕೊಂಡದ್ದನ್ನು ಕಂಡೇ 2002ರಲ್ಲಿ ಅವನ್ನು ನಿಷೇಧಿಸಿದರು. ಇಂಥ ನಿಷೇಧ ತಂದ ಮೊದಲ ದೇಶ ಅದು.

ಹಾಗೆಂದು ತಪ್ಪೆಲ್ಲ ಹೆಂಗಸರದೇ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒಂದು ರೂಪಾಯಿಯ ಶಾಂಪೂ ಚೀಟಿಯನ್ನು ನಾವು ಕಂಡುಹಿಡಿದೆವೆ? ಮಾರಿದ ಪ್ಲಾಸ್ಟಿಕ್ಕನ್ನು ವಾಪಸು ಸಂಗ್ರಹಿಸುವ ಹೊಣೆ ತಯಾರಕರದ್ದು ಎಂದು 2016ರ ಕೇಂದ್ರ ನಿಯಮವೇ ಹೇಳುತ್ತದೆ. ಜಗತ್ತಿನ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಳ್ಳಬೇಕೆಂದು 2022ರಲ್ಲಿ ನೈರೋಬಿಯಲ್ಲಿ ನಿರ್ಧರಿಸಿದರು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಕೂತಾಗಲೂ ಅದು ಕೈಗೂಡಲಿಲ್ಲ. ಆದ್ದರಿಂದ ವಾರ್ಡು ಸಭೆ, ಮಹಿಳಾ ಗ್ರಾಮಸಭೆಗಳಿಗೆ ಹೋದಾಗ ಸುಮ್ಮನೆ ಕೂತು ಬರಬೇಡಿ. ನಮ್ಮ ಬೀದಿಯ ಒಣ ಕಸ ಎಲ್ಲಿಗೆ ಹೋಗುತ್ತದೆ, ನಿಷೇಧಿಸಿದ ಕವರು ಪೇಟೆಗೆ ಹೇಗೆ ಬರುತ್ತದೆ, ಕೇಳಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲು ತಟ್ಟೆ ಲೋಟ ಒದಗಿಸುವ ‘ಪ್ಲೇಟ್ ಬ್ಯಾಂಕ್’ ಮಾಡಿದೆ. ನಿಮ್ಮ ಸ್ತ್ರೀಶಕ್ತಿ ಸಂಘವೂ ನೂರು ತಟ್ಟೆಯಿಂದ ಶುರುಮಾಡಬಹುದಲ್ಲ? ಬಾಡಿಗೆಯೂ ಬರುತ್ತದೆ.

ಅಂಗಡಿಗಳಲ್ಲಿ ಬಟ್ಟೆಯಂತೆಯೇ ಕಾಣುವ, ಬಣ್ಣಬಣ್ಣದ ಚೀಲ ಕೊಡುತ್ತಾರಲ್ಲ, ಅದಕ್ಕೆ ಮೋಸಹೋಗಬೇಡಿ. ಅದರ ಒಂದು ಚೂರನ್ನು ಚಿಮಟಿಗೆಯಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ. ಪ್ಲಾಸ್ಟಿಕ್ಕಾದರೆ ಮುದುಡಿ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಮೊಸರು, ಮಾಂಸಕ್ಕೆ ಡಬ್ಬಿ ಒಯ್ದಾಗ ಮೊದಲು ಖಾಲಿ ಡಬ್ಬಿ ತೂಗಿಸಿ, ಜಗಳ ಉಳಿಯುತ್ತದೆ. ಇನ್ನು ಚೀಲದ ಅಳತೆ: ಹಳೆಯ ನೂಲಿನ ಸೀರೆಯ ಗಟ್ಟಿ ಭಾಗದಿಂದ 16 ಅಂಗುಲ ಅಗಲ, 18 ಅಂಗುಲ ಎತ್ತರದ ನಾಲ್ಕು ತುಂಡು ಕತ್ತರಿಸಿ, ಎರಡೆರಡನ್ನು ಜೋಡಿಸಿ ಇಮ್ಮಡಿ ಮಾಡಿಕೊಂಡು, ಮೂರು ಬದಿ ಎರಡು ಸಲ ಹೊಲಿಯಿರಿ. ಹಿಡಿಕೆಗೆ ಸೀರೆಯ ಅಂಚು ಬಳಸಿದರೆ ಬೇಗ ಹರಿಯುವುದಿಲ್ಲ. ಒಳಗೆ ಸೊಪ್ಪಿಗೆಂದು ತೆಳುಬಟ್ಟೆಯ ಸಣ್ಣ ಚೀಲವೊಂದು ಬೇರೆಯಾಗಿರಲಿ, ಒದ್ದೆಯಾದರೂ ಬೇಗ ಒಣಗುತ್ತದೆ.