ನಡಿಗೆಯ ಲೆಡ್ಜರ್

ಕಾಯಿಲೆ ಒಂದೇ ಇರಬಹುದು, ಮಾತ್ರೆಯೂ ಒಂದೇ ಇರಬಹುದು. ಆದರೆ ಚೇತರಿಸಿಕೊಳ್ಳುವ ದಾರಿ ಒಬ್ಬೊಬ್ಬರದು ಒಂದೊಂದು. ಎಪ್ಪತ್ತು ದಾಟಿದ ಮೇಲೆ ನಾನು ಕಲಿತ ಪಾಠವಿದು.

ಸಕ್ಕರೆ ಕಾಯಿಲೆ ನನಗೆ ಹಳೆಯ ನೆಂಟ. ಅದರ ಜೊತೆಗೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಹೃದಯಕ್ಕೆ ಬೈಪಾಸ್ ಆಯಿತು. ಎದೆಯ ಗಾಯ ಮಾಯ್ದರೂ ಮನಸ್ಸು ಮೇಲೇಳಲಿಲ್ಲ. ಹಾರನಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಗೋಡೆಗೊರಗಿ ಕೂತರೆ ಸಂಜೆಯವರೆಗೂ ಅಲ್ಲೇ. ಮೊಮ್ಮಗ ಲೆಕ್ಕದ ಪುಸ್ತಕ ಹಿಡಿದು ಬಂದರೆ, "ನಾಳೆ ನೋಡೋಣ ಕಂದ" ಎನ್ನುತ್ತಿದ್ದೆ. ಕೊನೆಗೆ ಅವನು ಬರುವುದನ್ನೇ ಬಿಟ್ಟ. "ನಡೆಯದೆ ಹೀಗೇ ಕೂತರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ" ಎಂದು ಡಾಕ್ಟರು ಎಚ್ಚರಿಸಿದರು.

ಗೆಳೆಯರು ಅರಸೀಕೆರೆಗೆ ಕರೆದರು. ಬೆಳಿಗ್ಗೆ ಹತ್ತಾರು ಜನ ಸೇರಿ ಮಾತಾಡುತ್ತ, ನಗುತ್ತ ನಡೆಯುತ್ತಿದ್ದರು. ನಾಲ್ಕು ದಿನ ಹೋದೆ. ನಡಿಗೆಗಿಂತ ಮಾತಿಗೇ ಹೆಚ್ಚು ಸುಸ್ತಾಯಿತು. ನನ್ನ ಹೆಂಡತಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಮಂಡಿ ನೋವು ಬಂದರೆ ಪಕ್ಕದ ಮನೆಗೆ ಹೋಗಿ ಅರ್ಧ ಗಂಟೆ ಹರಟಿ, ಅರ್ಧ ನೋವನ್ನು ಅಲ್ಲೇ ಬಿಟ್ಟು ಬರುತ್ತಾಳೆ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಎರಡು ಸ್ವಭಾವಗಳನ್ನು ವಿವರಿಸಿದರು. ಯಾರೂ ಪೂರ್ತಿ ಒಂದೇ ಬಗೆಯವರಲ್ಲ ಎಂದೂ ಅವರು ಹೇಳಿದ್ದರು. ನನ್ನ ತಕ್ಕಡಿ ಯಾವ ಕಡೆ ತೂಗುತ್ತದೆಂದು ಒಂದು ಹಾಳೆಯಲ್ಲಿ ಬರೆದು ನೋಡಿದೆ: ಗದ್ದಲ ಆಗದು, ಅಂಕಿ ಕಂಡರೆ ಪ್ರೀತಿ, ಲೆಕ್ಕ ಟ್ಯಾಲಿ ಆಗದೆ ನಿದ್ದೆ ಬಾರದು. ಬ್ಯಾಂಕಿನ ಗುಮಾಸ್ತನಿಗೆ ಇನ್ನೇನಿರುತ್ತದೆ!

ಹಾಗಾದರೆ ನಡಿಗೆಗೂ ಒಂದು ಲೆಡ್ಜರ್ ಇರಲಿ ಎಂದುಕೊಂಡೆ. ತಾರೀಖು, ಹೆಜ್ಜೆ, ಸಕ್ಕರೆ ಪ್ರಮಾಣ, ನಿದ್ದೆ ಎಂದು ನಾಲ್ಕು ಕಾಲಂ ಎಳೆದೆ. ಮೊದಲ ದಿನ ಬೀದಿಯ ಕೊನೆಯ ತೆಂಗಿನಮರದವರೆಗೆ ಹೋಗಿ ಬಂದೆ. ದಿನ ಕಳೆದಂತೆ ನಮ್ಮೂರಿನ ಚೆನ್ನಕೇಶವ ದೇವಸ್ಥಾನ ತಲುಪಿದೆ. 1235ರ ಸುಮಾರಿಗೆ ಕಟ್ಟಿದ ಹೊಯ್ಸಳರ ಗುಡಿ ಅದು. ಗೋಡೆಯ ಕೆಳಸಾಲಿನ ಕಲ್ಲಾನೆಗಳನ್ನು ಎಣಿಸುತ್ತ ನಿಧಾನವಾಗಿ ಒಂದು ಸುತ್ತು. ಅಲ್ಲಿ ಯಾರ ಜೊತೆಗೂ ಮಾತಾಡಬೇಕಿಲ್ಲ.

ಆದರೆ ಸ್ವಭಾವಕ್ಕೆ ಎರಡು ಅಲಗು. ನಿನ್ನೆಗಿಂತ ನೂರು ಹೆಜ್ಜೆ ಕಡಿಮೆಯಾದರೆ ಮನಸ್ಸು ಚಡಪಡಿಸುತ್ತಿತ್ತು. ಅಮೆರಿಕದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಅವರ ಕಥೆಯೊಂದಿದೆ. ಅವರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕುರ್ಚಿಗಳ ಮುಂದಿನ ಅಂಚು ಮಾತ್ರ ಸವೆದಿತ್ತಂತೆ. ಅದನ್ನು ಗಮನಿಸಿದ್ದು ಮೆತ್ತೆ ಹೊಲಿಯುವ ಕೆಲಸದವನು! ಆತುರದವರು ಕುರ್ಚಿಯ ತುದಿಯಲ್ಲೇ ಕೂರುತ್ತಾರಲ್ಲ. ಇಂಥ ಆತುರದ ಸ್ವಭಾವಕ್ಕೂ ಹೃದಯಕ್ಕೂ ಸಂಬಂಧವಿದೆಯೆಂದು ಅವರು 1959ರಲ್ಲಿ ಬರೆದರು. ಮುಂದಿನ ಸಂಶೋಧನೆಗಳು ಅದನ್ನು ಪೂರ್ತಿ ಒಪ್ಪಲಿಲ್ಲ. ಆದರೂ ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು ಕೂತೆ.

ಆಗ ನೆನಪಾಯಿತು ಬ್ಯಾಂಕಿನ ಸಸ್ಪೆನ್ಸ್ ಖಾತೆ. ಎಷ್ಟು ಹುಡುಕಿದರೂ ಲೆಕ್ಕ ಹೊಂದದಿದ್ದರೆ ವ್ಯತ್ಯಾಸದ ಮೊತ್ತವನ್ನು ಸದ್ಯಕ್ಕೆ ಆ ಖಾತೆಗೆ ಹಾಕಿ ಪುಸ್ತಕ ಮುಚ್ಚುತ್ತಾರೆ. ಕಾರಣ ಸಿಕ್ಕಿದ ದಿನ ಸರಿಪಡಿಸುತ್ತಾರೆ. ನಾನೂ ಐದನೇ ಕಾಲಂ ಎಳೆದು 'ಸಸ್ಪೆನ್ಸ್' ಎಂದು ಬರೆದೆ. ಕಾಲು ಊದಿದ ದಿನ, ಸುಮ್ಮನೆ ಬೇಸರವಾದ ದಿನ, ನಡೆಯಲಾಗದ ಹೆಜ್ಜೆಗಳೆಲ್ಲ ಅಲ್ಲಿಗೆ ಜಮಾ. ಊತ ಬಂದರೆ ಡಾಕ್ಟರಿಗೂ ಆ ಪುಟ ತೋರಿಸುತ್ತೇನೆ. ರಾತ್ರಿ ನಿದ್ದೆಗೆ ಅಡ್ಡಿಯಿಲ್ಲ.

ಒಂದು ದಿನ ಮೊಮ್ಮಗ ಲೆಡ್ಜರ್ ತಿರುವಿ ಹಾಕುತ್ತಿದ್ದ. "ತಾತ, ವಾರದ ಸರಾಸರಿ ತೆಗೆದಿಲ್ವಲ್ಲ!" ಎಂದ. ಅಂದಿನಿಂದ ಸರಾಸರಿಯ ಖಾತೆ ಅವನದು. ಅವನ ಭಿನ್ನರಾಶಿಯ ಖಾತೆ ನನ್ನದು.

ಮಕ್ಕಳೇ, ನಿಮ್ಮ ಮನೆಯಲ್ಲೂ ಕಾಯಿಲೆಯಿಂದ ಏಳುತ್ತಿರುವ ಅಜ್ಜ ಅಜ್ಜಿ ಇರಬಹುದು. "ಎದ್ದು ಓಡಾಡಿ" ಎನ್ನುವ ಮೊದಲು, ಅವರಿಗೆ ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲವೆಂದು ಕೇಳಿ. ಹಾಡೋ, ಹೂಗಿಡವೋ, ಹರಟೆಯೋ, ಯಾವುದಾದರೂ ಸರಿ. ಔಷಧಿಯ ಚೀಟಿ ಡಾಕ್ಟರು ಬರೆದುಕೊಡುತ್ತಾರೆ. ಈ ಚೀಟಿಯನ್ನು ನೀವೇ ಪಕ್ಕದಲ್ಲಿ ಕೂತು ಬರೆಯಬಹುದು.