ಬೆಟ್ಟದ ಜೀವವೂ ಎರೆಹೊಲದ ಅಕ್ಕನೂ



ಕಳೆದ ವಾರ ದೂರವಾಣಿಯಲ್ಲಿ ಮಾತನಾಡಿದ ಹಳೆಯ ವಿದ್ಯಾರ್ಥಿಯೊಬ್ಬ "ಸರ್, ಮನೆಮಂದಿಯೆಲ್ಲ ಕೂತು ನೋಡುವಂಥ, ದುಃಖದ್ದಾದರೂ ಗೋಳಾಟವಿಲ್ಲದ ಒಂದು ಕನ್ನಡ ಸಿನೆಮಾ ಹೇಳ್ರಿ" ಎಂದು ಕೇಳಿದ. ಕ್ಷಣವೂ ಯೋಚಿಸದೆ 'ಬೆಟ್ಟದ ಜೀವ' ಎಂದೆ. ಏಕೆಂದು ಅವನಿಗೆ ಫೋನಿನಲ್ಲಿ ವಿವರಿಸಲಾಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಿವರಾಮ ಕಾರಂತರ ಈ ಕಾದಂಬರಿ ಪ್ರಕಟವಾದದ್ದು 1943ರಲ್ಲಿ. ಅದನ್ನು ಪಿ. ಶೇಷಾದ್ರಿಯವರು ಚಲನಚಿತ್ರವಾಗಿಸಿದರು. 2010ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರವೆಂಬ ಗೌರವ ಅದಕ್ಕೆ ದೊರಕಿತು. ಪ್ರಶಸ್ತಿ ಕೊಟ್ಟವರ ಕಣ್ಣಿಗೆ ಕಾಡು ಕಂಡಿತು. ತಪ್ಪೇನಿಲ್ಲ, ಸುಬ್ರಹ್ಮಣ್ಯದ ಕಡೆಯ ಆ ಬೆಟ್ಟಗಳು ಹಾಗೆಯೇ ಇವೆ. ನನಗೆ ಮಾತ್ರ ಕಂಡದ್ದು ಆ ಕಾಡಿನ ನಡುವಿನ ಒಂದು ಮನೆ, ಅದರೊಳಗಿನ ಇಬ್ಬರು ಮುದುಕರು.

ಕಥೆ ಸಣ್ಣದು. ದಾರಿ ತಪ್ಪಿದ ಒಬ್ಬ ಪ್ರಯಾಣಿಕ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆ ಸೇರುತ್ತಾನೆ. ಕಾಡು ಕಡಿದು ಅಡಿಕೆಯ ತೋಟ ಎಬ್ಬಿಸಿದ ಜೀವ ಗೋಪಾಲಯ್ಯನದು. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಬದುಕಿದ್ದಾನೆಂಬ ಖಾತ್ರಿಯಿಲ್ಲ, ಇಲ್ಲವೆನ್ನಲೂ ಮನಸ್ಸಿಲ್ಲ. ಬಂದ ಅತಿಥಿಯನ್ನು ಅವರು ಬಿಟ್ಟುಕೊಡಲೊಲ್ಲರು. ಮಗನಿಗೆ ಮಾಡಬೇಕಾದ ಉಪಚಾರವನ್ನೆಲ್ಲ ಅವನಿಗೆ ಮಾಡುತ್ತಾರೆ. ದತ್ತಣ್ಣನವರು (ಎಚ್.ಜಿ. ದತ್ತಾತ್ರೇಯ) ಗೋಪಾಲಯ್ಯನಾಗಿ ನಗುತ್ತಾರೆ, ಹೆಂಡತಿಯನ್ನು ಕೆಣಕುತ್ತಾರೆ, ಮಾತಿಗೆ ಮಾತು ಪೋಣಿಸುತ್ತಾರೆ. ಶಂಕರಮ್ಮನ ಪಾತ್ರದ ರಾಮೇಶ್ವರಿ ವರ್ಮ ಅವರ ಮುಖದಲ್ಲಿ ಆ ನಗೆಯ ಬೆಲೆ ಏನೆಂಬುದು ತಿಳಿಯುತ್ತದೆ. ಚಿತ್ರ ನಿಧಾನವಾಗಿದೆ ಎಂದು ದೂರುವವರಿದ್ದಾರೆ. ಕಾಯುವವರ ಕಥೆಯನ್ನು ಓಡಿಸಿಕೊಂಡು ಹೋಗುವುದು ಹೇಗೆ?

ತರಗತಿಯಲ್ಲಿ ಬೇಂದ್ರೆಯವರ ಪಾಠ ಮಾಡುವಾಗ ನಿಮ್ಮಲ್ಲಿ ಕೆಲವರಿಗೆ ಹೇಳಿದ್ದು ನೆನಪಿರಬಹುದು. ಕಣ್ಣೆದುರೇ ಮಗು ತೀರಿಕೊಂಡಾಗ ಹೆಂಡತಿಯ ನೋಟವನ್ನು ಎದುರಿಸಲಾಗದ ತಂದೆಯ ಕವಿತೆ ಅವರದು. ಅಲ್ಲಿ ದುಃಖಕ್ಕೆ ಒಂದು ದಿನವಿದೆ, ಒಂದು ಗಳಿಗೆಯಿದೆ. ಮಣ್ಣು ಮಾಡಿ ಬರಬಹುದು, ದಿನಕರ್ಮ ಮುಗಿಸಬಹುದು, ನೆಂಟರು ಬಂದು ಸಮಾಧಾನ ಹೇಳಬಹುದು. ಹೋದವನು ಹೋದನೋ ಇಲ್ಲವೋ ತಿಳಿಯದ ಮನೆಯಲ್ಲಿ ಇದಾವುದಕ್ಕೂ ಎಡೆಯಿಲ್ಲ. ನೆಂಟರಿಗೂ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಮ್ಮ ಹಿರಿಯಕ್ಕನ ದೊಡ್ಡ ಮಗ 1998ರಲ್ಲಿ ದುಡಿಯಲು ಗೋವಾಕ್ಕೆಂದು ಹೋದವನು. ಎರಡು ಪತ್ರ ಬಂದವು. ಆಮೇಲೆ ಏನೂ ಇಲ್ಲ. ಹುಡುಕಿದೆವು, ಬಲ್ಲವರನ್ನೆಲ್ಲ ಕೇಳಿದೆವು. ಬಂಧುಗಳಿಗೆ ಇದೆಲ್ಲ ಗೊತ್ತಿದ್ದದ್ದೇ, ಬೆಳೆಸುವುದಿಲ್ಲ.

ಅಕ್ಕನಿಗೆ ಈ ಚಿತ್ರವನ್ನು ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ಹಚ್ಚಿಕೊಟ್ಟಳು. ನಾನು ಪಕ್ಕದಲ್ಲಿದ್ದೆ. ಕರಾವಳಿಯ ಕನ್ನಡ ಅವಳಿಗೆ ಅರ್ಧ ತಿಳಿಯಲಿಲ್ಲ. ಮೊದಲು ಕೇಳಿದ್ದು ಬೇರೆಯೇ ಪ್ರಶ್ನೆ: "ತಮ್ಮಾ, ಇಷ್ಟ ಗಿಡಾ ಇದ್ರ ದಾರಿ ಹೆಂಗ ಕಾಣಬೇಕು?" ನನಗೆ ಮೈ ಜುಮ್ಮೆಂದಿತು. ನಮ್ಮ ಮೊರಬದ ಎರೆಭೂಮಿಯಲ್ಲಿ, ಕಡಲೆ ಕಿತ್ತು ಹೊಲ ಬಯಲಾದ ಮೇಲೆ, ಬರುವವನು ಬಹು ದೂರದಿಂದಲೇ ಕಾಣುತ್ತಾನೆ. ನಡಿಗೆಯಿಂದಲೇ ಇಂಥವನೆಂದು ಹೇಳಬಹುದು. ಗೋಪಾಲಯ್ಯನ ಮನೆಗೆ ಬರುವವನು ಕಾಡಿನಿಂದ ಒಮ್ಮೆಲೇ ಅಂಗಳಕ್ಕೆ ಬೀಳುತ್ತಾನೆ. ಆಸೆ ಪಡಲು ಹೊತ್ತೇ ಇರುವುದಿಲ್ಲ. ನಮ್ಮಕ್ಕನಿಗೆ ದಿನವೂ ಬಯಲಿನಲ್ಲಿ ಯಾರೋ ಒಬ್ಬರು ದೂರದಿಂದ ಬರುತ್ತಲೇ ಇರುತ್ತಾರೆ, ಹತ್ತಿರ ಬಂದ ಮೇಲೆ ಬೇರೆಯವರಾಗುತ್ತಾರೆ. ಯಾವುದು ಕಠಿಣವೋ!

ಗೋಪಾಲಯ್ಯನ ನಗೆಯನ್ನು ಕಂಡು "ಮುದುಕಾ ಶಾಣ್ಯಾ ಅದಾನ" ಎಂದಳು. "ನಗತಾನಲ್ಲ ಅಕ್ಕಾ" ಎಂದೆ.

"ಮತ್ತೇನ್ ಮಾಡಬೇಕು? ಜೋರಾಗಿ ಅತ್ರ ಮಗಾ ಸತ್ತಂಗ ಆಕ್ಕೇತಿ."

ಈ ಮಾತಿನ ನಂತರ ಚಿತ್ರ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

ಚಿತ್ರದಲ್ಲಿ ನಾರಾಯಣನೆಂಬ ಇನ್ನೊಬ್ಬನಿದ್ದಾನೆ, ಆ ಮನೆಯ ಆಶ್ರಯದಲ್ಲಿ ಬೆಳೆದು ತೋಟ ನೋಡಿಕೊಳ್ಳುವವನು. ಅವನಿಗೂ ಅಳುಕು: ನಾಳೆ ಶಂಭು ತಿರುಗಿ ಬಂದರೆ ತನ್ನ ಗತಿಯೇನು? ಕಾರಂತರ ದೊಡ್ಡಸ್ತಿಕೆ ನನಗೆ ಇಲ್ಲಿ ಕಾಣುತ್ತದೆ. ಕಾಯುವುದು ಒಬ್ಬರ ಎದೆಯೊಳಗಿನ ವ್ಯವಹಾರವಲ್ಲ; ಅದು ಜಮೀನಿಗೆ, ದುಡಿಮೆಗೆ, ಇರುವ ಮಕ್ಕಳಿಗೆ ತಟ್ಟುತ್ತದೆ.

ನಮ್ಮಲ್ಲಿಯೂ ತಟ್ಟಿತು. 2016ರಲ್ಲಿ ಭಾವ ತೀರಿಕೊಂಡರು. ವಾರಸಾ ಮಾಡಿಸಬೇಕಾಯಿತು. ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು ನ್ಯಾಯಾಲಯ ಭಾವಿಸಬಹುದೆಂಬುದು 1872ರ ಸಾಕ್ಷ್ಯ ಕಾಯಿದೆಯಿಂದ ಬಂದ ನಿಯಮ. ಹನ್ನೆರಡು ವರ್ಷ ಕಾದು ದರ್ಭೆಯ ಪ್ರತಿಮೆ ಮಾಡಿ ಸಂಸ್ಕಾರ ಮಾಡುವ ವಿಧಿಯೂ ಶಾಸ್ತ್ರದಲ್ಲುಂಟು. ಆಗಲೇ ಹದಿನೆಂಟು ವರ್ಷ ಕಳೆದಿತ್ತು. ಕಿರಿಯ ಮಗ ಕೆಟ್ಟವನಲ್ಲ. ಎತ್ತು ಮಾರಿ ಸಾಲ ತೀರಿಸಿ ಹೊಲ ಉಳಿಸಿಕೊಂಡವನು. "ಕೋರ್ಟಿಗೆ ಹೋಗಿ ಒಂದ ಕಾಗದ ಮಾಡಿಸಿದ್ರ ಮುಗೀತೈತಿ ಮಾಮಾ. ಇಲ್ಲಾಂದ್ರ ನಾಳೆ ಸಾಲಕ್ಕ, ಮಾರಾಟಕ್ಕ ಎಲ್ಲಾದಕ್ಕೂ ಅಣ್ಣನ ಸಹಿ ಕೇಳ್ತಾರ" ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಕಾಯಲು ಅವನ ಬಳಿ ಪುರುಸೊತ್ತಿರಲಿಲ್ಲ, ಹೆಂಡತಿ ಮಕ್ಕಳಿದ್ದರು.

ಅಕ್ಕ ವಂಶಾವಳಿಯ ಕಾಗದವನ್ನು ನನ್ನ ಕಡೆ ಸರಿಸಿ, "ತಮ್ಮಾ, ನೀ ಸಾಲಿ ಮಾಸ್ತರ. ಹಾಜರಿಯೊಳಗ ಬರದ ಹುಡುಗನ ಹೆಸರು ಹೊಡದ ಹಾಕ್ತಿದ್ದೇನು?" ಎಂದು ಕೇಳಿದಳು. ಬಹಳ ದಿನ ಬಾರದವರ ಹೆಸರನ್ನು ನಿಯಮದಂತೆ ತೆಗೆಯುತ್ತಿದ್ದೆವು ಎಂಬುದು ನಿಜವಾದ ಉತ್ತರ. ಅದನ್ನು ಅಂದು ಹೇಳುವ ಗೋಜಿಗೆ ಹೋಗಲಿಲ್ಲ.

ಕೊನೆಗೆ ಒಂದು ಸಂಜೆ ಕಿರಿಯವನೇ ಬಂದು, "ಮಾಮಾ, ಅಣ್ಣನ ಹೆಸರೂ ಬರೀರಿ. ಸಾಲಾ ಹೆಂಗರ ಮಾಡತೀನಿ" ಎಂದ. ಬರೆದೆ. ಉತಾರದಲ್ಲಿ ಅವನ ಹೆಸರು ಇಂದಿಗೂ ಇದೆ. ಆಗಾಗ ಅದರಿಂದ ತೊಂದರೆಯೂ ಆಗುತ್ತದೆ. ಕಿರಿಯವನು ಗೊಣಗುತ್ತಾನೆ, ಕಚೇರಿಗೆ ಅಲೆಯುತ್ತಾನೆ. ಅವ್ವನ ಮುಂದೆ ಮಾತ್ರ ಒಂದು ಮಾತೂ ಆಡುವುದಿಲ್ಲ.

ಚಿತ್ರ ನೋಡುವ ಮೊದಲು ಕಾದಂಬರಿಯನ್ನು ಓದಿರಿ ಎಂದು ನನ್ನ ಹಳೆಯ ಆಗ್ರಹ. ಒಂದು ಪ್ರತಿ ನನ್ನಲ್ಲಿದೆ, ಬೆನ್ನು ಹರಿದಿದೆ, ಪುಟಗಳೆಲ್ಲ ಇವೆ. ಊರಿಗೆ ಬಂದವರು ಕೇಳಿ ಒಯ್ಯಬಹುದು.