ಮಗ್ಗವೂ ಮಗ್ಗಿಯೂ

ನಮ್ಮ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಗಲೆಲ್ಲ ಎರಡು ಸಪ್ಪಳಗಳು ಕಿವಿಗೆ ಬೀಳುವವು. ಒಂದು ಮಗ್ಗದ್ದು, ಇನ್ನೊಂದು ಸಾಲೆಯ ಹುಡುಗರು ಒಪ್ಪಿಸುವ ಮಗ್ಗಿಯದು. ವೈಯಾಕರಣರು ಏನೇ ಅನ್ನಲಿ, ಕಿವಿಗಂತೂ ಇವೆರಡೂ ನೆಂಟರೇ ಸರಿ. ಈ ಬಳಗದಲ್ಲಿ ಮೂರನೆಯವನೊಬ್ಬನು ಇರುವನೆಂಬುದನ್ನು ನನಗೆ ತಿಳಿಸಿಕೊಟ್ಟವಳು ನನ್ನ ಹಳೆಯ ಶಿಷ್ಯೆಯೊಬ್ಬಳು. ಆಕೆ ನೇಕಾರರ ಮನೆಯ ಮಗಳು. ಈಗ ಬೆಂಗಳೂರಿನಲ್ಲಿದ್ದು, ವಿಮೆಯ ಲೆಕ್ಕಗಳನ್ನು ಮಾಡುವ ಮಹಾಗಣಕಕ್ಕೆ ಕೋಬಾಲ್ ಎಂಬ ಭಾಷೆಯಲ್ಲಿ ಆಜ್ಞೆಗಳನ್ನು ಬರೆಯುವ ಉದ್ಯೋಗದಲ್ಲಿರುವಳು.

ಕಳೆದ ದೀಪಾವಳಿಗೆ ಊರಿಗೆ ಬಂದವಳು ನನ್ನನ್ನು ಕಾಣಲು ಬಂದಳು. ಮುಖ ಬಾಡಿತ್ತು. “ಗುರುಗಳೇ, ಈ ಕೆಲಸ ಬಿಡಬೇಕೆಂದಿರುವೆ. ಕೋಬಾಲ್ ಸತ್ತ ಭಾಷೆ ಎಂದು ಎಲ್ಲರೂ ಅನ್ನುತ್ತಾರೆ. ಅಜ್ಜ ಕುಣಿಮಗ್ಗ ನಂಬಿದ. ವಿದ್ಯುತ್ತಿನ ಮಗ್ಗ ಬಂದಾಗ ಅದನ್ನು ಕಟ್ಟಿಗೆಯ ಬೆಲೆಗೆ ಮಾರಿದ. ನನ್ನದೂ ಅದೇ ಗತಿಯಾದೀತು” ಎಂದಳು.

ಸತ್ತ ಭಾಷೆ! ಈ ಮಾತನ್ನು ಜಮಖಂಡಿ ಮುಧೋಳಗಳ ಕಡೆಯ ಸಾಲೆಗಳಲ್ಲಿ ಸಂಸ್ಕೃತ ಕಲಿಸುತ್ತ ನಾನು ಎಷ್ಟು ಸಲ ಕೇಳಿದವನು! ನನಗೆ ತುಸು ಸಿಟ್ಟೇ ಬಂದಿತು. “ನಿನ್ನ ಸತ್ತವನು ಈಗ ಏನು ಮಾಡುತ್ತಿರುವನು?” ಎಂದು ಕೇಳಿದೆನು. ೧೯೫೯ನೆಯ ಇಸವಿಯಲ್ಲಿ ಅಮೇರಿಕೆಯಲ್ಲಿ ಒಂದು ಮಂಡಲಿಯು ಕೂಡಿ, ವ್ಯಾಪಾರದ ಲೆಕ್ಕಕ್ಕೆಂದೇ ಈ ಭಾಷೆಯನ್ನು ರಚಿಸಲು ತೊಡಗಿತಂತೆ; ಗ್ರೇಸ್ ಹಾಪರ್ ಎಂಬ ವಿದುಷಿಯು ಮೊದಲೇ ನಿರ್ಮಿಸಿದ್ದ ಭಾಷೆಯೊಂದು ಅದಕ್ಕೆ ಮುಖ್ಯವಾದ ಆಧಾರ. ಇಂದಿಗೂ ಲೋಕದ ಅನೇಕ ಬ್ಯಾಂಕು ವಿಮಾಸಂಸ್ಥೆಗಳ ಹಣದ ಎಣಿಕೆ ಅದರಲ್ಲಿಯೇ ನಡೆದಿರುವದು. ಇಷ್ಟು ದುಡಿಯುವ ಹೆಣವನ್ನು ನಾನು ಕಂಡಿಲ್ಲ.

ಅದರಲ್ಲಿ ಅತಿ ಕಠಿನವಾದುದು ಯಾವುದೆಂದು ಕೇಳಲು, ‘ಕೋಷ್ಟಕ’ ಎಂದಳು. ಒಂದೇ ಬಗೆಯ ಅನೇಕ ಪದಾರ್ಥಗಳಿಗೆ ಬೇರೆ ಬೇರೆ ಹೆಸರಿಡದೆ ಒಂದೇ ಹೆಸರಿಟ್ಟು, ‘ಅಕರ್ಸ್’ ಎಂಬ ಪದದಿಂದ ಇದು ಇಷ್ಟು ಸಲ ಬರುವದೆಂದು ಹೇಳಿ, ಬೇಕಾದುದನ್ನು ಅಂಕಿಯಿಂದ ಕರೆಯುವದು. ನನಗೆ ನಗು ತಡೆಯಲಾಗಲಿಲ್ಲ. “ಹುಚ್ಚಿ, ಒಂಬತ್ತನೆಯ ಇಯತ್ತೆಯಲ್ಲಿ ನನ್ನೆದುರು ರಾಮಶಬ್ದ ಒಪ್ಪಿಸಿದವಳು ನೀನೇ ಅಲ್ಲವೆ?” ಎಂದೆನು. ವಿಭಕ್ತಿ ಏಳು, ವಚನ ಮೂರು, ಒಟ್ಟು ೨೧ ಮನೆಗಳು. ತೃತೀಯೆಯ ಬಹುವಚನವೆಂದೊಡನೆ ‘ರಾಮೈಃ’ ಎನ್ನುವದು ಮೂರನೆಯ ಸಾಲಿನ ಮೂರನೆಯ ಮನೆಯನ್ನು ಕರೆದಂತೆಯೇ. ಕೋಬಾಲೂ ನಮ್ಮಂತೆ ಒಂದರಿಂದಲೇ ಎಣಿಸುವದು; ಕೆಲವು ಹೊಸ ಭಾಷೆಗಳು ಸೊನ್ನೆಯಿಂದ ಎಣಿಸುವವೆಂದು ಕೇಳಿ ನನಗೆ ರುಚಿಸಲಿಲ್ಲ. ಪಾಣಿನಿಯ ಸೂತ್ರವನ್ನು ಅಧ್ಯಾಯ, ಪಾದ, ಸೂತ್ರಗಳೆಂಬ ಮೂರು ಅಂಕಿಗಳಿಂದ ನಾವು ಗುರುತಿಸುವೆವಷ್ಟೆ. ಅದು ಮೂರು ನೆಲೆಯ ಕೋಷ್ಟಕ. ಮೊದಲು ಕೋಬಾಲಿಗೂ ಮೂರೇ ನೆಲೆಗಳಿದ್ದು, ೧೯೮೫ರ ನಿಯಮಾವಳಿಯಿಂದ ಏಳಾದವು. ಮೊದಲ ಪಾದದಲ್ಲಿ ೭೫ ಸೂತ್ರ, ಎರಡನೆಯದರಲ್ಲಿ ೭೩, ಹೀಗೆ ಉದ್ದ ಹೆಚ್ಚುಕಡಿಮೆಯಾದರೆ? ಅದಕ್ಕೂ ‘ಡಿಪೆಂಡಿಂಗ್ ಆನ್’ ಎಂಬ ಉಪಾಯವಿರುವದಂತೆ.

ಆಗ ಆಕೆ ಹಾಳೆಯ ಮೇಲೆ ೨೧ ರೂಪಗಳನ್ನೂ ಒಂದೇ ಸಾಲಾಗಿ ಬರೆದಳು. ಗಣಕದ ಹೊಟ್ಟೆಯಲ್ಲಿ ಅಡ್ಡಸಾಲು ಉದ್ದಸಾಲುಗಳಿಲ್ಲ, ಎಲ್ಲವೂ ನೂಲಿನಂತೆ ಒಂದೇ ಎಳೆ. “ಮೂರನೆಯ ವಿಭಕ್ತಿಯ ನಾಲ್ಕನೆಯ ವಚನ ಬೇಕೆಂದು ಕೇಳಿದರೆ?” ಎಂದಳು. ನಾಲ್ಕನೆಯ ವಚನವೇ ಇಲ್ಲವೆಂದು ನನ್ನ ಅತಿ ದಡ್ಡ ವಿದ್ಯಾರ್ಥಿಯೂ ಹೇಳಿಯಾನು. ಯಂತ್ರವು ಹೇಳದು, ಎಳೆಯ ಗುಂಟ ಎಣಿಸುತ್ತ ಹೋಗಿ, ಹತ್ತನೆಯ ಮನೆಯ ‘ರಾಮಾಯ’ವನ್ನು ತಂದು ಮುಂದಿಡುವದು. ರೂಪ ಶುದ್ಧವಾದುದೇ, ಆದರೆ ಕೇಳಿದ್ದು ಅದಲ್ಲ. ವಿಮೆಯ ದರದ ಕೋಷ್ಟಕದಲ್ಲಿ ಹೀಗಾದರೆ ಒಬ್ಬ ಮುದುಕನ ಕಂತು ಇನ್ನೊಬ್ಬ ತರುಣನ ತಲೆಗೆ ಬರುವದು, ಮತ್ತು ಯಾರಿಗೂ ಸಂಶಯ ಹುಟ್ಟದು. ಗಡಿಗೆ ಕಾವಲಿಡುವ ಅನುಕೂಲತೆ ಉಂಟು. ಕೆಲಸ ನಿಧಾನವಾಗುವದೆಂದು ಅದನ್ನು ಕೆಲವೆಡೆ ಇಡುವದಿಲ್ಲ. ಕಾವಲಿದ್ದರೂ ಹಳೆಯ ಕಾವಲುಗಾರನು ಇಡೀ ಕೋಷ್ಟಕದ ಬೇಲಿಯನ್ನಷ್ಟೇ ನೋಡುವವನು, ಒಳಗಿನ ಬದುವನ್ನಲ್ಲ. ಹತ್ತನೆಯ ಮನೆ ಬೇಲಿಯೊಳಗೇ ಇರುವದಲ್ಲ!

ಹುಡುಕುವ ವಿಷಯವೂ ಸ್ವಾರಸ್ಯವಾದುದು. ‘ಸರ್ಚ್’ ಎಂದರೆ ಒಂದೊಂದಾಗಿ ನೋಡುತ್ತ ಹೋಗುವದು. ಅಮರಕೋಶವು ಅಕಾರಾದಿಯಾಗಿಲ್ಲದೆ ವರ್ಗ ವರ್ಗವಾಗಿರುವದರಿಂದ, ಕಂಠಸ್ಥವಿಲ್ಲದವನು ಅದರಲ್ಲಿ ಹೀಗೆಯೇ ಹುಡುಕಬೇಕು. ‘ಸರ್ಚ್ ಆಲ್’ ಎಂದರೆ ನಿಘಂಟನ್ನು ನಡುವೆ ತೆರೆದು, ಅರ್ಧ ಬಿಟ್ಟು, ಉಳಿದರ್ಧವನ್ನು ಮತ್ತೆ ನಡುವೆ ತೆರೆಯುವದು. ಸಾವಿರ ಹೆಸರುಗಳಿದ್ದರೂ ಹತ್ತು ಸಲದೊಳಗೆ ಸಿಕ್ಕುವದು. ಆದರೆ ಹೆಸರುಗಳು ಕ್ರಮವಾಗಿರದಿದ್ದರೆ, ಇದ್ದವನನ್ನೇ ಇಲ್ಲವೆಂದು ಬಿಡುವದು. ಕ್ರಮವನ್ನು ಕಾಯುವವರು ಮನುಷ್ಯರೇ.

ಸೀರೆಯ ಅಂಚಿನಲ್ಲಿ ಚಿತ್ರ ತೆಗೆಯುವ ಜಕಾರ್ಡ್ ಎಂಬ ಸಾಧನವನ್ನು ಬಲ್ಲ ವಾಚಕರಿಗೆ ಇನ್ನೊಂದು ಮಾತು. ೧೮೦೪ರ ಸುಮಾರಿಗೆ ಫ್ರಾನ್ಸದಲ್ಲಿ ಹುಟ್ಟಿದ ಅದು ತೂತು ಕೊರೆದ ರಟ್ಟುಗಳನ್ನು ಓದಿ ಎಳೆಗಳನ್ನೆತ್ತುವದು. ತೂತಿನ ರಟ್ಟುಗಳಿಂದಲೇ ೧೮೯೦ರಲ್ಲಿ ಅಮೇರಿಕೆಯ ಖಾನೇಸುಮಾರಿಯ ಲೆಕ್ಕವಾಯಿತು. ಮುಂದೆ ೮೦ ಅಂಕಣದ ರಟ್ಟು ಬಂದು, ಕೋಬಾಲಿನ ಸಾಲು ಆ ಅಳತೆಗೇ ಕಟ್ಟುಬಿದ್ದಿತು. “ಹಾಗಾದರೆ ನೀನು ಅಜ್ಜನ ಕಸಬು ಬಿಟ್ಟವಳಲ್ಲ” ಎಂದೆನು. “ಅಜ್ಜನೂ ಅದನ್ನು ಬಿಡಬೇಕೆಂದು ಬಿಟ್ಟವನಲ್ಲ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕುಣಿಮಗ್ಗ ಚೆನ್ನಾಗಿ ನೇಯುತ್ತಿದ್ದುದು ನಿಜ. ಅದರಿಂದ ಅನ್ನ ಹುಟ್ಟಲಿಲ್ಲವೆಂಬುದೂ ನಿಜ.

ಆಕೆ ಸದ್ಯಕ್ಕೆ ಕೆಲಸ ಬಿಟ್ಟಿಲ್ಲ. ಹೊಸ ಭಾಷೆಯೊಂದನ್ನೂ ರಾತ್ರಿಯ ಹೊತ್ತು ಕಲಿಯುತ್ತಿರುವಳಂತೆ. ಅದು ಸರಿಯಾದುದೆಂದು ನಾನೂ ಬರೆದಿದ್ದೇನೆ. ಹೋದ ವಾರದ ಪತ್ರದಲ್ಲಿ ಕ್ರಿಯಾಪದಗಳ ತಿಙ್ ಪ್ರತ್ಯಯಗಳ ಕೋಷ್ಟಕವನ್ನು ಬೇಡಿರುವಳು, ಜತೆಯ ಹೊಸ ಹುಡುಗರಿಗೆ ಮೂರು ನೆಲೆಗಳನ್ನು ಅದರಿಂದ ತೋರಿಸಬೇಕಂತೆ. ಪದ ಎರಡು, ಪುರುಷ ಮೂರು, ವಚನ ಮೂರು, ಒಟ್ಟು ೧೮ ಮನೆಗಳು. ನಾಳೆಯ ಟಪಾಲಿಗೆ ಹಾಕಬೇಕು.